ಫೈಲಿನಲ್ಲಿ ಏನಿರಬೇಕು, ಏನು ಬೇಡ: ಎಂಎಸ್, ಪಿಎಚ್‌ಡಿಗೆ ಅರ್ಜಿ ಹಾಕುವ ಮಲೆನಾಡಿನ ಮಕ್ಕಳಿಗೆ

ಕಳೆದ ನವೆಂಬರಿನಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಕೈಯಲ್ಲಿ ದಪ್ಪ ಫೈಲು. "ಎಂಎಸ್‌ಗೆ ಅಪ್ಲೈ ಮಾಡ್ಬೇಕು ಅಕ್ಕ, ಇದ್ರಲ್ಲಿ ಯಾವ್ಯಾವುದು ಅಪ್‌ಲೋಡ್ ಮಾಡ್ಲಿ ನೋಡಿ ಹೇಳಿ" ಅಂದ. ಬಿಚ್ಚಿ ಎಣಿಸಿದರೆ 43 ಹಾಳೆ. ಏಳನೇ ಕ್ಲಾಸಿನ ಭಾವಗೀತೆ ಸ್ಪರ್ಧೆಯ ಸರ್ಟಿಫಿಕೇಟ್ ಇತ್ತು. ಎನ್‌ಎಸ್‌ಎಸ್ ಕ್ಯಾಂಪಿನದ್ದು, ರಕ್ತದಾನದ್ದು, ಎರಡೆರಡು ದಿನದ ವರ್ಕ್‌ಶಾಪುಗಳದ್ದು ಒಂಬತ್ತು. ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್ ಮಾತ್ರ ಇರಲಿಲ್ಲ. "ಅದು ಕಾಲೇಜ್ ಲೈಬ್ರರೀಲಿದೆ, ಅದೂ ಬೇಕಾ?" ಅಂತ ಕೇಳಿದ.

ಬೇಕಾಗಿದ್ದೇ ಅದು.

ಅವನನ್ನು ನೋಡಿ ನಗುವ ಹಾಗಿರಲಿಲ್ಲ ನಾನು. ಮೊದಲ ಸಲ ನಾನು ಅರ್ಜಿ ಹಾಕಿದಾಗ ಹೀಗೇ ಸಿಕ್ಕಿದ್ದನ್ನೆಲ್ಲ ತುಂಬಿದ್ದೆ. ನಮ್ಮೂರಿನ ಗಣ್ಯರೊಬ್ಬರ ಶಿಫಾರಸು ಪತ್ರವೂ ಇತ್ತು. ಅವರಿಗೆ ನಮ್ಮಪ್ಪ ಗೊತ್ತಿದ್ದರೇ ಹೊರತು ನಾನಲ್ಲ. ಆರು ಕಡೆ ಹಾಕಿದೆ, ಆರು ಕಡೆಯೂ ಇಲ್ಲ ಅಂದರು. ಮರುವರ್ಷ ಅದೇ ಮಾರ್ಕ್ಸು, ಅದೇ ಸ್ಕೋರು, ಬೇರೆ ಫೈಲು. ಎರಡು ಕಡೆ ಸೀಟು ಸಿಕ್ಕಿತು. ನಡುವೆ ಒಂದು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಕೆಲಸ ಕಣ್ಣಿಗೆ ಬೀಳುವ ಹಾಗೆ ಉಳಿದದ್ದನ್ನೆಲ್ಲ ತೆಗೆದುಹಾಕಿದ್ದೆ.

ನಿಮ್ಮ ಅರ್ಜಿಯನ್ನು ಕೊನೆಗೆ ಓದುವವರು ಆ ವಿಭಾಗದ ಮೇಷ್ಟರುಗಳೇ. ತಮ್ಮ ಪಾಠ, ಸಂಶೋಧನೆ ಎಲ್ಲ ಮುಗಿಸಿ ಓದುತ್ತಾರೆ. ಮುಂದೆ ರಾಶಿ ಫೈಲು ಬಿದ್ದಿರುತ್ತದೆ. ಅವರ ತಲೆಯಲ್ಲಿರುವುದು ಎರಡೇ ಪ್ರಶ್ನೆ. ಈ ಹುಡುಗಿಗೆ ನಮ್ಮ ಕೋರ್ಸ್ ಮುಗಿಸುವ ತಾಕತ್ತು ಇದೆಯಾ? ಇವಳಿಗೆ ಬೇಕಾದದ್ದು ನಮ್ಮಲ್ಲಿ ಇದೆಯಾ? ನೀವು ಹಾಕುವ ಒಂದೊಂದು ಕಾಗದವೂ ಇದಕ್ಕೆ ಏನಾದರೂ ಉತ್ತರ ಕೊಡಬೇಕು. ಅದೂ ಬೇರೆ ಕಾಗದ ಕೊಡದ ಉತ್ತರ. ನಾನು ಅಳೆಯುವುದು ಇದೊಂದೇ ಸೇರಿನಲ್ಲಿ.

ಮೊದಲು ಅವರ ವೆಬ್‌ಪುಟ ಓದಿ, ಆಮೇಲೆ ನಿಮ್ಮ ಫೈಲು ತೆರೆಯಿರಿ

ನಾವು ಮಾಡುವುದು ಇದರ ಉಲ್ಟಾ. ಇರುವುದನ್ನೆಲ್ಲ ಸ್ಕ್ಯಾನ್ ಮಾಡಿಸಿಕೊಂಡು ಆಮೇಲೆ ಎಲ್ಲಿಗೆ ಹಾಕೋಣ ಅಂತ ನೋಡುತ್ತೇವೆ. ಬೇಡ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕೋರ್ಸಿಗೊಂದು ಪುಟ. ಪ್ರತಿ ಪುಟದಲ್ಲಿ ಮೂರು ಕಾಲಂ: ಬೇಕೇ ಬೇಕು, ಇದ್ದರೆ ಕಳಿಸಿ, ಕಳಿಸಬೇಡಿ.

ಮೂರನೇ ಕಾಲಂ ನಿಜವಾಗಿಯೂ ಇರುತ್ತದೆ. 2020ರ ನಂತರ ಅಮೆರಿಕದ ಎಷ್ಟೋ ವಿಭಾಗಗಳು ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟಿವೆ. ಕೆಲವು 'ಬೇಕಿದ್ದರೆ ಕಳಿಸಿ' ಅನ್ನುತ್ತವೆ, ಕೆಲವು 'ಕಳಿಸಿದರೂ ನೋಡುವುದಿಲ್ಲ' ಅನ್ನುತ್ತವೆ. ಹೆಚ್ಚುವರಿ ಸರ್ಟಿಫಿಕೇಟ್ ಹಾಕಬೇಡಿ ಅಂತ ನೇರವಾಗಿ ಬರೆದಿರುವ ಕಡೆಗಳೂ ಇವೆ. ಅಲ್ಲಿ ಹಾಕಿದರೆ ಸೂಚನೆ ಓದದೆ ಅರ್ಜಿ ಹಾಕಿದ್ದೀರಿ ಅಂತ ನೀವೇ ಹೇಳಿಕೊಂಡ ಹಾಗೆ.

ವಿಶ್ವವಿದ್ಯಾಲಯದ ಪುಟ ಒಂದು ಹೇಳಿ, ವಿಭಾಗದ ಪುಟ ಇನ್ನೊಂದು ಹೇಳುವುದುಂಟು. ಆಗ ವಿಭಾಗದ ಕಚೇರಿಗೆ ಎರಡು ಸಾಲಿನ ಇಮೇಲ್ ಹಾಕಿ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆ ಅಂತ ಹೆದರಬೇಡಿ, ಉತ್ತರ ಕೊಡುವುದೇ ಅವರ ಕೆಲಸ.

ದೇಶದಿಂದ ದೇಶಕ್ಕೆ ಪಟ್ಟಿ ಬದಲಾಗುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ, ಇಂಗ್ಲೆಂಡಿನಲ್ಲಿ ಎರಡು. ಇಂಗ್ಲೆಂಡ್, ಯುರೋಪಿನ ಪಿಎಚ್‌ಡಿಗೆ ಎಷ್ಟೋ ಕಡೆ ಸಂಶೋಧನೆಯ ಪ್ರಸ್ತಾವನೆಯನ್ನೇ ಕೇಳುತ್ತಾರೆ. ಅಮೆರಿಕದಲ್ಲಿ ಅದರ ಜಾಗದಲ್ಲಿ ಎಸ್‌ಒಪಿ, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಏನು ಓದಬೇಕು, ಯಾಕೆ ಓದಬೇಕು ಅಂತ ನೀವೇ ಬರೆಯುವ ಬರಹ. ಜರ್ಮನಿಗೆ ಹೋಗುವವರಿಗೆ 2022ರ ನವೆಂಬರಿನಿಂದ ಎಪಿಎಸ್ ಸರ್ಟಿಫಿಕೇಟ್ ಬೇಕೇ ಬೇಕು. ನಿಮ್ಮ ಮಾರ್ಕ್ಸ್ ಕಾರ್ಡ್‌ಗಳು ಅಸಲಿ ಅಂತ ದೆಹಲಿಯಲ್ಲಿ ಪರಿಶೀಲಿಸಿ ಕೊಡುವ ಪತ್ರ ಅದು. ಕೈಗೆ ಬರಲು ವಾರಗಟ್ಟಲೆ ಹಿಡಿಯುತ್ತದೆ. ಉಳಿದದ್ದೆಲ್ಲ ಸಿದ್ಧವಿದ್ದು ಇದೊಂದಕ್ಕಾಗಿ ಸೆಮಿಸ್ಟರ್ ಕಳೆದುಕೊಂಡವರನ್ನು ನೋಡಿದ್ದೇನೆ. ಜರ್ಮನಿ ಮನಸ್ಸಿನಲ್ಲಿದ್ದರೆ ಎಸ್‌ಒಪಿಗಿಂತ ಮೊದಲು ಇದಕ್ಕೆ ಅರ್ಜಿ ಹಾಕಿ.

ಮೂರು ವರ್ಷದ ಬಿಎ, ಬಿಎಸ್ಸಿ ಮಾಡಿದವರಿಗೆ ಒಂದು ಮಾತು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ವಾಪಸ್ ಹೋಯಿತು. ಹಾಗಾಗಿ ಅಕ್ಕಪಕ್ಕದ ಬ್ಯಾಚಿನವರ ಡಿಗ್ರಿಗಳೇ ಬೇರೆ ಬೇರೆ. ಅಮೆರಿಕ, ಜರ್ಮನಿಯ ಹಲವು ಕಡೆ ಮೂರು ವರ್ಷದ ಡಿಗ್ರಿ ಸಾಲುವುದಿಲ್ಲ. ಎಂಎಸ್ಸಿ ಅಥವಾ ಎಂಎ ಸೇರಿದರೆ ತೊಂದರೆ ಕಡಿಮೆ. ಶುಲ್ಕ ಕಟ್ಟುವ ಮೊದಲೇ ಇದನ್ನು ಕೇಳಿಕೊಳ್ಳಿ.

ಆರಿಸುವ ಕೆಲಸ

ಅಡಿಕೆಯನ್ನು ಮಂಡಿಗೆ ಕಳಿಸುವ ಮೊದಲು ಮನೆಯಲ್ಲಿ ಕೂತು ಆರಿಸುತ್ತೇವೆ ಅಲ್ವಾ? ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಗೊರಬಲು ಬೆರೆತರೆ ಇಡೀ ಚೀಲದ ರೇಟು ಬಿದ್ದುಹೋಗುತ್ತದೆ. ಸರ್ಟಿಫಿಕೇಟ್‌ಗಳೂ ಹಾಗೆಯೇ.

ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರಡಿ. ಒಂದೊಂದನ್ನೇ ಕೈಗೆತ್ತಿಕೊಂಡು ಕೇಳಿ: ಈ ವಿಷಯ ಬೇರೆ ಕಾಗದದಲ್ಲಿ ಆಗಲೇ ಇದೆಯಾ? ಈ ಕೋರ್ಸಿಗೂ ಇದಕ್ಕೂ ಏನು ಸಂಬಂಧ? ಇದರಲ್ಲಿ ನಾನು ಏನಾದರೂ ಮಾಡಿದೆನಾ, ಇಲ್ಲಾ ಸುಮ್ನೆ ಹೋಗಿ ಕೂತಿದ್ದೆನಾ? ಹುಡುಗನ ಒಂಬತ್ತು ವರ್ಕ್‌ಶಾಪುಗಳಲ್ಲಿ ಎಂಟು ಕೂತು ಎದ್ದು ಬಂದವು. ಒಂದರಲ್ಲಿ ಮಾತ್ರ ಅವನು ಮಣ್ಣಿನ ತೇವ ಅಳೆಯುವ ಸೆನ್ಸರ್ ಜೋಡಿಸಿದ್ದ. ಅದು ಸಿವಿಯಲ್ಲಿ ಒಂದು ಸಾಲಾಯಿತು, ಸರ್ಟಿಫಿಕೇಟ್ ಅಪ್‌ಲೋಡ್ ಮಾಡಲಿಲ್ಲ. ಹೆಚ್ಚಿನ ಸರ್ಟಿಫಿಕೇಟ್‌ಗಳ ಗತಿ ಇಷ್ಟೇ. ಕೆಲಸಕ್ಕೆ ಬರುವುದು ಸಿವಿಯ ಸಾಲು, ಹಾಳೆ ಮನೆಯಲ್ಲೇ ಇರುತ್ತದೆ.

ಹತ್ತನೇ ಕ್ಲಾಸು, ಪಿಯುಸಿ ಮಾರ್ಕ್ಸ್ ಕಾರ್ಡು? ವಿದೇಶದ ಕೋರ್ಸುಗಳು ಸಾಮಾನ್ಯವಾಗಿ ಕೇಳುವುದು ಡಿಗ್ರಿಯಿಂದ ಮುಂದಿನದ್ದು. ಜರ್ಮನಿಯವರು ಶಾಲೆಯದ್ದನ್ನೂ ಕೇಳುತ್ತಾರೆ. ಕೇಳಿದರೆ ಹಾಕಿ, ಕೇಳದಿದ್ದರೆ ಹಾಕಬೇಡಿ. ನಿಮಗೆ ಎಸ್‌ಎಸ್‌ಎಲ್‌ಸಿಯಲ್ಲಿ ತಾಲೂಕಿಗೇ ಫಸ್ಟ್ ಬಂದಿದ್ದರೂ ಅಷ್ಟೇ. ಬೇಜಾರಾಗುತ್ತದೆ, ಗೊತ್ತು.

ಮಾರ್ಕ್ಸ್ ಕಾರ್ಡು, ಟ್ರಾನ್ಸ್‌ಕ್ರಿಪ್ಟು, ಹೆಸರಿನ ತಲೆನೋವು

ಅರ್ಜಿ ಹಾಕುವಾಗ ಅಮೆರಿಕದ ಹೆಚ್ಚಿನ ಕಡೆ ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್ ಸಾಕು. ಸೀಲು ಹಾಕಿದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಅಂದರೆ ವಿಶ್ವವಿದ್ಯಾಲಯವೇ ಕೊಡುವ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಬೇಕಾಗುವುದು ಸೀಟು ಸಿಕ್ಕ ಮೇಲೆ. ಆದರೂ ಮೊದಲೇ ಕೈಯಲ್ಲಿದ್ದರೆ ನೆಮ್ಮದಿ. ಕುವೆಂಪು ವಿಶ್ವವಿದ್ಯಾಲಯದವರಾದರೆ ಶಂಕರಘಟ್ಟಕ್ಕೆ ಬಸ್ಸು ಹತ್ತಿದರಾಯಿತು. ಇಂಜಿನಿಯರಿಂಗ್‌ನವರ ವಿಟಿಯು ಇರುವುದು ಬೆಳಗಾವಿಯಲ್ಲಿ, ಸಮಯ ಜಾಸ್ತಿ ಇಟ್ಟುಕೊಳ್ಳಿ. ಹೊರದೇಶದ ಡಿಗ್ರಿಗಳನ್ನು ಅಳೆದು ಹೇಳುವ ಡಬ್ಲ್ಯೂಇಎಸ್‌ನಂಥ ಸಂಸ್ಥೆಯಿಂದ ಮೌಲ್ಯಮಾಪನ ಬೇಕು ಅಂತ ಅವರೇ ಕೇಳಿದರೆ ಮಾತ್ರ ಮಾಡಿಸಿ. ಕೇಳದೆ ಮಾಡಿಸಿದರೆ ದುಡ್ಡು ದಂಡ.

ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ. ಗ್ರೇಡಿನ ಅರ್ಥ ಬರೆದಿರುವುದು ಎಷ್ಟೋ ಸಲ ಅಲ್ಲೇ. ಸಿಜಿಪಿಎಯನ್ನು ನೀವೇ ನಾಲ್ಕರ ಲೆಕ್ಕಕ್ಕೆ ಇಳಿಸಬೇಡಿ. ಹತ್ತಕ್ಕೆ 8.1 ಇದ್ದರೆ ಹತ್ತಕ್ಕೆ 8.1 ಅಂತಲೇ ಬರೆಯಿರಿ. ಬದಲಾಯಿಸಿ ಬರೆಯಿರಿ ಅಂತ ಅವರೇ ಹೇಳಿ, ಲೆಕ್ಕವನ್ನೂ ಕೊಟ್ಟಿದ್ದರೆ ಮಾತು ಬೇರೆ.

ಇನ್ನು ನಮ್ಮ ಹೆಸರುಗಳು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಒಂದು ಊರಿನದ್ದು, ಒಂದು ಅಪ್ಪನದ್ದು. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದು ಉದ್ದವಾಗಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಹಿಂದೆ ಬೀಳುತ್ತದೆ. ಆದ್ದರಿಂದ ಜಿಆರ್‌ಇಗೆ, ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್‌ಗೆ ಹೆಸರು ಕೊಡುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಕೊಳ್ಳಿ. ಪರೀಕ್ಷೆಗೆ ಹೋದಾಗ ಪಾಸ್‌ಪೋರ್ಟಿನ ಹೆಸರೂ ನೋಂದಣಿಯ ಹೆಸರೂ ಒಂದೇ ಇರಬೇಕು. ಅರ್ಜಿಯಲ್ಲೂ ಪಾಸ್‌ಪೋರ್ಟಿನ ಹೆಸರೇ. ಮಾರ್ಕ್ಸ್ ಕಾರ್ಡಿನ ಹೆಸರನ್ನು 'ಇತರ ಹೆಸರು' ಅನ್ನುವ ಜಾಗದಲ್ಲಿ ಹಾಕಿ.

ಸರ್ಟಿಫಿಕೇಟ್‌ಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ಮುದ್ರೆ ಹಾಕಿಸುವಾಗ ತೊಂದರೆ, ಸ್ಕ್ಯಾನ್ ಮಾಡಿದರೆ ಬೆಳಕು ಹೊಡೆಯುತ್ತದೆ. ಹಾಗಂತ ಬೀರುವಿನಲ್ಲಿ ಸುಮ್ಮನೆ ಇಟ್ಟರೆ ಪುನರ್ವಸು, ಪುಷ್ಯ ಮಳೆಗೆ ಬೂಷ್ಟು ಹಿಡಿಯುತ್ತದೆ. ನನ್ನ ಮೂರನೇ ಸೆಮಿಸ್ಟರಿನ ಕಾರ್ಡಿನಲ್ಲಿ ಇವತ್ತಿಗೂ ಹಸಿರು ಕಲೆ ಇದೆ. ಮಳೆ ಶುರುವಾಗುವ ಮೊದಲೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ ಎರಡು ಕಡೆ ಉಳಿಸಿಡಿ.

ಸ್ಕೋರುಗಳು

ಐಇಎಲ್‌ಟಿಎಸ್, ಟೋಫೆಲ್ ಸ್ಕೋರು ಎರಡು ವರ್ಷ ನಡೆಯುತ್ತದೆ, ಜಿಆರ್‌ಇಯದ್ದು ಐದು ವರ್ಷ. ಜಿಆರ್‌ಇ ಬೇಕಿದ್ದರೆ ಕಳಿಸಿ ಅಂದಿರುವ ಕಡೆ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕ ಇಷ್ಟು: ಸ್ಕೋರು ನಿಮ್ಮ ಮಾರ್ಕ್ಸ್ ಕಾರ್ಡಿಗಿಂತ ಒಳ್ಳೆಯ ಮಾತು ಹೇಳುತ್ತಿದ್ದರೆ ಕಳಿಸಿ. ಗಣಿತದಲ್ಲಿ ಎರಡು ಸಲ ಕಡಿಮೆ ಬಂದವನಿಗೆ ಜಿಆರ್‌ಇಯ ಗಣಿತದ ಭಾಗ ಕ್ವಾಂಟ್‌ನಲ್ಲಿ 170ಕ್ಕೆ 168 ಬಂದರೆ ಅದು ಸುದ್ದಿ. ಎಲ್ಲದರಲ್ಲೂ ಡಿಸ್ಟಿಂಕ್ಷನ್ ಇದ್ದು ಸ್ಕೋರು ಸಾಧಾರಣವಾಗಿದ್ದರೆ ಸುಮ್ಮನಿರಿ. ಪರೀಕ್ಷೆಯ ದಿನವೇ ನಾಲ್ಕು ಕಡೆಗೆ ಪುಕ್ಕಟೆ ಕಳಿಸಬಹುದು. ಆದರೆ ಯಾವ ನಾಲ್ಕು ಅಂತ ಮೊದಲೇ ತೀರ್ಮಾನ ಆಗಿರಬೇಕು.

ಎಸ್‌ಒಪಿ: ಇಲ್ಲಿ ಕೂರಬೇಕು

ಉಳಿದ ಕಾಗದಗಳನ್ನು ಬೇರೆಯವರು ಬರೆದಿರುತ್ತಾರೆ. ಇದೊಂದು ಮಾತ್ರ ನಿಮ್ಮದು. ನಾನು ಓದಿದ ಹತ್ತರಲ್ಲಿ ಏಳೆಂಟು ಎಸ್‌ಒಪಿ ಶುರುವಾಗುವುದು ಹೀಗೆ: "ಹಚ್ಚ ಹಸಿರಿನ ಮಲೆನಾಡಿನ ಮಡಿಲಲ್ಲಿ ಬೆಳೆದ ನನಗೆ ಚಿಕ್ಕಂದಿನಿಂದಲೂ ಪ್ರಕೃತಿಯೆಂದರೆ ಅಪಾರ ಆಸಕ್ತಿ." ಇದನ್ನು ಶಿವಮೊಗ್ಗ ಜಿಲ್ಲೆಯ ಯಾರು ಬೇಕಾದರೂ ಬರೆಯಬಹುದು. ನಿಮ್ಮ ಬಗ್ಗೆ ಒಂದಕ್ಷರವೂ ಇಲ್ಲ.

ಹಾಗೆ ಬರೆದ ಹುಡುಗಿಯೊಬ್ಬಳು ಅದರ ಬದಲು ಹೀಗೆ ಬರೆದರೆ?

"ಎಂಎಸ್ಸಿ ಪ್ರಾಜೆಕ್ಟಿಗೆ ಮೂರು ತೋಟಗಳಿಂದ ಕೊಳೆರೋಗ ಬಂದ ಅಡಿಕೆ ಕಾಯಿ ತಂದು ಆ ರೋಗದ ಫೈಟಾಫ್ತೊರ ರೋಗಾಣು ಬೆಳೆಸಿದೆ. ಎರಡು ತೋಟಗಳಲ್ಲಿ ಮಳೆಗೆ ಮೊದಲೇ ಶೇಕಡಾ 1ರ ಬೋರ್ಡೊ ದ್ರಾವಣ ಹೊಡೆದಿದ್ದರು. ಆದರೂ ರೋಗ ಬಂದಿತ್ತು. ದ್ರಾವಣ ಮಳೆಗೆ ತೊಳೆದುಹೋಯಿತೋ, ರೋಗಾಣುವೇ ಅದನ್ನು ತಾಳಿಕೊಳ್ಳಲು ಕಲಿತಿದೆಯೋ? ಇದನ್ನು ಗೊತ್ತುಮಾಡುವ ಸೌಲಭ್ಯ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ."

ಮಲೆನಾಡು ಇಲ್ಲೂ ಇದೆ. ಆದರೆ ಕೆಲಸದ ಒಳಗಿದೆ. ಅವಳು ಏನು ಮಾಡಿದಳು ಅಂತ ಗೊತ್ತಾಯಿತು, ಎಲ್ಲಿ ನಿಂತಳು ಅಂತ ಗೊತ್ತಾಯಿತು, ಮುಂದೆ ಯಾಕೆ ಓದಬೇಕು ಅನ್ನುವುದೂ ಹೇಳದೆಯೇ ಗೊತ್ತಾಯಿತು. ನಿಂತ ಜಾಗವನ್ನು ಮುಚ್ಚಿಡಬೇಡಿ. ನಮ್ಮ ಮಕ್ಕಳಿಗೆ ಆಗಲಿಲ್ಲ ಅಂತ ಬರೆಯಲು ನಾಚಿಕೆ. ಓದುವ ಮೇಷ್ಟರಿಗೆ ಮಾತ್ರ ಆ ಸಾಲೇ ಇಷ್ಟವಾಗುತ್ತದೆ, ಅಲ್ಲಿಂದ ಮುಂದೆ ತಾವು ಕಲಿಸಬಹುದಲ್ಲ.

ಬರೆಯುವ ಕ್ರಮಕ್ಕೆ ನಾನು ಹೇಳುವುದು: ಮೊದಲು ನೀವು ಮಾಡಿದ ಒಂದು ಕೆಲಸ, ಅದರಿಂದ ಹುಟ್ಟಿದ ಪ್ರಶ್ನೆ. ಆಮೇಲೆ ಆ ಪ್ರಶ್ನೆಯ ಹಿಂದೆ ಹೋಗಲು ನಿಮ್ಮ ಹತ್ತಿರ ಈಗ ಏನಿದೆ, ಯಾವ ವಿಷಯ ಓದಿದ್ದೀರಿ, ಯಾವ ಉಪಕರಣ ಬಳಸಲು ಬರುತ್ತದೆ. ಆಮೇಲೆ ಇದೇ ವಿಭಾಗ ಯಾಕೆ. ಇಲ್ಲಿ 'ಜಗತ್ಪ್ರಸಿದ್ಧ ವಿಶ್ವವಿದ್ಯಾಲಯ' ಅಂತ ಹೊಗಳಬೇಡಿ, ಅದು ಅವರಿಗೇ ಗೊತ್ತು. ಪಿಎಚ್‌ಡಿ ಆದರೆ ಇಬ್ಬರು ಮೂವರು ಪ್ರೊಫೆಸರ್‌ಗಳ ಹೆಸರು, ಅವರ ಯಾವ ಕೆಲಸಕ್ಕೂ ನಿಮ್ಮ ಪ್ರಶ್ನೆಗೂ ನಂಟು ಅಂತ ಒಂದೊಂದು ವಾಕ್ಯ. ಅವರ ಲೇಖನ ನಿಜವಾಗಿಯೂ ಓದಿ ಬರೆಯಿರಿ. ಎಂಎಸ್ ಆದರೆ ಯಾವ ಕೋರ್ಸು, ಯಾವ ಲ್ಯಾಬು. ಕೊನೆಗೆ ಮುಂದೇನು ಅಂತ ನಾಲ್ಕು ಸಾಲು. ಮಿತಿ ಹೇಳದಿದ್ದರೆ ಎರಡು ಪುಟ ದಾಟಬೇಡಿ. 500 ಪದ ಅಂದಿದ್ದರೆ 500ರೊಳಗೆ ನಿಲ್ಲಿಸಿ.

ಹೊರಗಿನವರಿಗೆ ನಮ್ಮ ಲೋಕ ಗೊತ್ತಿಲ್ಲ ಅನ್ನುವುದು ನೆನಪಿರಲಿ. ಅಡಿಕೆ ಅಂದರೇನು ಅಂತ ಅರ್ಧ ವಾಕ್ಯ ಬೇಕು. ಸಾರ್ವಜನಿಕ ಆರೋಗ್ಯದ ಕೋರ್ಸಿಗೆ ಹಾಕುವವರು ಇನ್ನೂ ಹುಷಾರು. ಅಲ್ಲಿನವರಿಗೆ ಅಡಿಕೆ ಅಂದರೆ ಮೊದಲು ನೆನಪಾಗುವುದು ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ನಮ್ಮ ಮನೆ ನಡೆಯುವುದು ಅಡಿಕೆಯಿಂದ, ಈ ವಿಷಯವೂ ನನಗೆ ಗೊತ್ತು ಅಂತ ನೇರವಾಗಿ ಬರೆದರೆ ಗೌರವ. ಗೊತ್ತಿಲ್ಲದ ಹಾಗೆ ಬರೆದರೆ ಅನುಮಾನ.

ಹಾಗಾದರೆ ಮನೆಯ ಕತೆ ಎಲ್ಲಿ ಹೇಳುವುದು? ಕೆಲವು ಕಡೆ ಎಸ್‌ಒಪಿ ಬೇರೆ, ಪರ್ಸನಲ್ ಸ್ಟೇಟ್‌ಮೆಂಟ್ ಬೇರೆ. ಬರ್ಕ್ಲಿಯಂಥ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ಎರಡನ್ನೂ ಕೇಳುತ್ತಾರೆ. ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲಿ ತಿರುಗಿಸಿ ಹಾಕಿದರೆ ಒಂದು ಅವಕಾಶ ಹೋಯಿತು. ಸಾಗರದ ಕಡೆಯ ಹುಡುಗನೊಬ್ಬನ ಅಜ್ಜನ ಮನೆ, ಗದ್ದೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿತ್ತು. ಅವನಿಗೆ ಜಲವಿಜ್ಞಾನ ಓದಬೇಕು. ಎಸ್‌ಒಪಿಯಲ್ಲಿ ಈ ಮುಳುಗಡೆಯ ಮಾತು ಒಂದೇ ಸಾಲು, ಉಳಿದದ್ದೆಲ್ಲ ಅವನ ಹರಿವಿನ ಲೆಕ್ಕಾಚಾರ. ಪರ್ಸನಲ್ ಸ್ಟೇಟ್‌ಮೆಂಟಿನಲ್ಲಿ ಅಜ್ಜ ಬಂದ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಮನೆ ಇದ್ದ ಜಾಗ ತೋರಿಸುತ್ತಿದ್ದ ಅಜ್ಜ. ಅಳುವ ಮಾತು ಒಂದೂ ಇರಲಿಲ್ಲ. ಓದಿ ನಾನೇ ಸ್ವಲ್ಪ ಹೊತ್ತು ಸುಮ್ಮನಾದೆ.

ಬರೆದುಕೊಡುತ್ತೇವೆ ಅನ್ನುವ ಕನ್ಸಲ್ಟೆನ್ಸಿಗಳ ಹತ್ತಿರ ಹೋಗಬೇಡಿ. ನನ್ನ ಕಣ್ಣೆದುರೇ ಇಬ್ಬರು ಹುಡುಗರ ಎಸ್‌ಒಪಿಯಲ್ಲಿ ಮೊದಲ ಪ್ಯಾರಾ ಒಂದೇ ಇತ್ತು. ಇಬ್ಬರೂ ಒಂದೇ ಕಡೆ ದುಡ್ಡು ಕೊಟ್ಟಿದ್ದರು. ಕಂಪ್ಯೂಟರಿನಿಂದ ಬರೆಸಿದ್ದಕ್ಕೂ ಇದೇ ಗತಿ, ಎಲ್ಲರದ್ದೂ ಒಂದೇ ರಾಗ.

ಎಸ್‌ಒಪಿ ಸರಿಯಾಗಿದೆಯಾ ಅಂತ ನೋಡಲು ನನ್ನದೊಂದು ಉಪಾಯ ಇದೆ. ಅಮೆರಿಕದ ಕೊನೇ ದಿನಾಂಕಗಳು ಹೆಚ್ಚಾಗಿ ಡಿಸೆಂಬರಿನಲ್ಲಿ, ನಮ್ಮಲ್ಲಿ ಆಗ ಅಡಿಕೆ ಕೊಯ್ಲು. ರಾತ್ರಿ ಅಡಿಕೆ ಸುಲಿಯಲು ಕೂತವರ ಜೊತೆ ಕೂತು ನಿಮ್ಮ ಎಸ್‌ಒಪಿಯನ್ನು ಕನ್ನಡದಲ್ಲಿ ಹೇಳಿ ನೋಡಿ. ಅತ್ತಿಗೆಯೋ ದೊಡ್ಡಮ್ಮನೋ "ಅದಕ್ಕೆ ನೀನೇ ಯಾಕೆ ಹೋಗ್ಬೇಕು?" ಅಂತ ಕೇಳುತ್ತಾರೆ. ಅದಕ್ಕೆ ನೀವು ಬಾಯಲ್ಲಿ ಕೊಡುವ ಉತ್ತರ ಹಾಳೆಯ ಮೇಲೆ ಇದೆಯಾ ಅಂತ ನೋಡಿ. ನನ್ನದರಲ್ಲಿ ಇರಲಿಲ್ಲ.

ಶಿಫಾರಸು ಪತ್ರ ಯಾರಿಂದ?

ಎಂಎಲ್‌ಎ ಬೇಡ, ಮಠದವರು ಬೇಡ, ದೊಡ್ಡ ಹುದ್ದೆಯ ಚಿಕ್ಕಪ್ಪ ಬೇಡ. ನಿಮ್ಮ ಕೆಲಸ ಕಣ್ಣಾರೆ ನೋಡಿದವರು ಬೇಕು. ಇಷ್ಟು ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಕಷ್ಟ ಇರುವುದು ಮುಂದೆ.

ನಮ್ಮ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡಿಸಿದವರು ಎಷ್ಟೋ ಸಲ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಅವರು ಬೇರೆ ಕಾಲೇಜಿನಲ್ಲಿರುತ್ತಾರೆ, ಕಾಲೇಜಿನ ಇಮೇಲ್ ಐಡಿ ಇರುವುದಿಲ್ಲ. ಎಚ್‌ಒಡಿಗೆ ಹುದ್ದೆ ಇದೆ, ನಿಮ್ಮ ಮುಖ ಸರಿಯಾಗಿ ನೆನಪಿಲ್ಲ. ಯಾರನ್ನು ಕೇಳುವುದು? ಮೂರು ಪತ್ರ ಇದ್ದರೆ ಒಂದು ಖಂಡಿತ ಆ ಅತಿಥಿ ಉಪನ್ಯಾಸಕರದ್ದೇ ಇರಲಿ. ನೀವು ರಾತ್ರಿ ಎಂಟರವರೆಗೆ ಲ್ಯಾಬಿನಲ್ಲಿ ಕೂತದ್ದು ಗೊತ್ತಿರುವುದು ಅವರಿಗೆ. ಉಳಿದ ಎರಡು ಕಾಯಂ ಅಧ್ಯಾಪಕರದ್ದು, ಕಾಲೇಜಿನ ಇಮೇಲಿನಿಂದ. ಇಬ್ಬರೂ ನಿಮಗೆ ಪಾಠ ಮಾಡಿದವರಾಗಿರಬೇಕು, ಒಳ್ಳೆಯ ಮಾರ್ಕ್ಸು ಕೊಟ್ಟವರಾದರೆ ಇನ್ನೂ ಒಳ್ಳೆಯದು. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆಗಿದ್ದರೆ ಒಂದು ನಿಮ್ಮ ಮ್ಯಾನೇಜರ್‌ದು ಇರಬಹುದು. ಪಿಎಚ್‌ಡಿಗೆ ಆದಷ್ಟೂ ಸಂಶೋಧನೆ ನೋಡಿದವರದ್ದೇ ಇರಲಿ.

"ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ." ಇದನ್ನು ಕೇಳದೆ ಡಿಗ್ರಿ ಮುಗಿಸಿದವರು ನಮ್ಮಲ್ಲಿ ಕಡಿಮೆ. ಬರೆದುಕೊಡಬೇಡಿ. ಅದು ಸರಿಯಲ್ಲ ಅನ್ನುವುದು ಒಂದು. ಮೂರೂ ಪತ್ರದಲ್ಲಿ ನಿಮ್ಮದೇ ಇಂಗ್ಲಿಷ್, ನಿಮ್ಮದೇ ವಿಶೇಷಣಗಳು ಇದ್ದು ಓದುವವರಿಗೆ ಥಟ್ಟನೆ ಗೊತ್ತಾಗುತ್ತದೆ ಅನ್ನುವುದು ಇನ್ನೊಂದು. ಹಾಗಂತ ಮೇಷ್ಟರಿಗೆ ಎದುರು ಹೇಳುವುದು ಹೇಗೆ? "ಸರ್, ಬರೆಯೋಕೆ ಬೇಕಾದ ವಿವರ ಎಲ್ಲ ಒಂದು ಹಾಳೇಲಿ ಮಾಡಿ ತರ್ತೀನಿ" ಅನ್ನಿ. ಆ ಹಾಳೆಯಲ್ಲಿ ಅವರ ಯಾವ ವಿಷಯ ಓದಿದಿರಿ, ಎಷ್ಟು ಬಂತು, ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲು ಏನು, ಎಡವಟ್ಟಾದಾಗ ಹೇಗೆ ಸರಿಮಾಡಿದಿರಿ, ಇಷ್ಟನ್ನು ಬರೀ ವಿಷಯವಾಗಿ ಬರೆಯಿರಿ. ಹೊಗಳಿಕೆ ಒಂದೂ ಬೇಡ. ಅವರು ನಾಲ್ಕು ಸಾಲು ಬರೆದರೂ ಅವರದ್ದಾಗಿರುತ್ತದೆ.

ಆರು ವಾರ ಮೊದಲೇ ಕೇಳಿ. ಪರೀಕ್ಷೆ, ವ್ಯಾಲ್ಯುವೇಷನ್ ಇರುವಾಗ ಬೆನ್ನು ಹತ್ತಬೇಡಿ. ಪತ್ರ ಅಪ್‌ಲೋಡ್ ಮಾಡುವ ಲಿಂಕ್ ಅವರ ಇಮೇಲಿಗೆ ಹೋಗುತ್ತದೆ, ಸ್ಪ್ಯಾಮಿಗೆ ಬೀಳುವುದೇ ಜಾಸ್ತಿ, ಫೋನ್ ಮಾಡಿ ಹೇಳಿ. ಅಮೆರಿಕದ ಅರ್ಜಿಯಲ್ಲಿ 'ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ' ಅಂತ ಒಂದು ಪ್ರಶ್ನೆ ಬರುತ್ತದೆ. 1974ರ ಅವರ ಕಾಯಿದೆಯೊಂದರಿಂದ ಬಂದದ್ದು. ಹೌದು ಅನ್ನಿ. ವಿದ್ಯಾರ್ಥಿ ನೋಡುವುದಿಲ್ಲ ಅಂತ ಗೊತ್ತಿದ್ದರೆ ಆ ಪತ್ರಕ್ಕೆ ತೂಕ ಜಾಸ್ತಿ.

ಸಿವಿ

ಇದು ಬೇಗ ಮುಗಿಯುತ್ತದೆ. ಎರಡು ಪುಟದೊಳಗೆ. ಅಮೆರಿಕಕ್ಕೆ ಫೋಟೋ ಬೇಡ. ಅಪ್ಪನ ಹೆಸರು, ಹುಟ್ಟಿದ ದಿನ, ಮದುವೆ, ಜಾತಿ, ಧರ್ಮ ಬೇಡ. ಕೊನೆಯಲ್ಲಿ 'ಮೇಲಿನ ಮಾಹಿತಿಯೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ' ಅಂತ ಊರು, ತಾರೀಖು ಹಾಕಿ ಸಹಿ ಮಾಡುವುದು ಖಂಡಿತ ಬೇಡ. ಮೇಲೆ ಓದು, ಆಮೇಲೆ ಪ್ರಾಜೆಕ್ಟು, ಕೆಲಸ, ಪ್ರಕಟವಾದದ್ದಿದ್ದರೆ ಅದು. ದುಡ್ಡು ಕೊಟ್ಟರೆ ನಾಲ್ಕು ದಿನದಲ್ಲಿ ಛಾಪಿಸುವ ಜರ್ನಲ್‌ನಲ್ಲಿ ಬಂದ ಲೇಖನ ಇದ್ದರೆ, ಬಿಟ್ಟುಬಿಡಿ ಅನ್ನುತ್ತೇನೆ. ಓದುವವರು ಆ ಹೆಸರುಗಳನ್ನು ಬಲ್ಲರು.

ಕೇಳದೆ ಇದ್ದರೂ ಹಾಕಬೇಕಾದ್ದು

ಬ್ಯಾಕ್‌ಲಾಗ್ ಇದ್ದರೆ, ನಡುವೆ ಒಂದು ವರ್ಷ ಖಾಲಿ ಇದ್ದರೆ, ಅದು ಮಾರ್ಕ್ಸ್ ಕಾರ್ಡಿನಲ್ಲಿ ಕಾಣುತ್ತದೆ. ನೀವು ಹೇಳದಿದ್ದರೆ ಅವರೇ ಏನೋ ಊಹೆ ಮಾಡಿಕೊಳ್ಳುತ್ತಾರೆ. ಹೆಚ್ಚಿನ ವಿವರಕ್ಕೆ ಜಾಗ ಕೊಟ್ಟಿದ್ದರೆ ಐದು ಸಾಲು ಬರೆಯಿರಿ. "ಮೂರನೇ ಸೆಮಿಸ್ಟರಿನಲ್ಲಿ ತಂದೆಗೆ ಮಂಗನ ಕಾಯಿಲೆ ಬಂದು ಆಸ್ಪತ್ರೆಯಲ್ಲಿದ್ದರು. ಎರಡು ವಿಷಯ ಹೋದವು. ಮುಂದಿನ ಸೆಮಿಸ್ಟರಿನಲ್ಲಿ ಎರಡೂ ಪಾಸಾದವು. ಆನಂತರದ ಸರಾಸರಿ 8.4." ಅಷ್ಟೇ. ಮಂಗನ ಕಾಯಿಲೆ ಅಂದರೆ ಏನು ಅಂತ ಒಂದು ಸಾಲು ಸೇರಿಸಿ: ಉಣುಗಿನಿಂದ ಹರಡುವ ವೈರಸ್ ಜ್ವರ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ವೈರಸ್ ಓದಿದ ಯಾವ ಮೇಷ್ಟರಿಗೂ ಆ ಕಾಡಿನ ಹೆಸರು ಗೊತ್ತಿರುತ್ತದೆ. ಇದೇ ವಿವರವನ್ನು ಎಸ್‌ಒಪಿಯ ನಡುವೆ ತುರುಕಬೇಡಿ, ಅಲ್ಲಿನ ಜಾಗ ಕೆಲಸದ್ದು.

ಕಲೆ, ಭಾಷೆ, ಇತಿಹಾಸದವರಿಗೆ ಬರಹದ ಮಾದರಿ ಕೇಳುತ್ತಾರೆ, ಹೆಚ್ಚಾಗಿ 15ರಿಂದ 25 ಪುಟ. ಕನ್ನಡ ಎಂಎ ಮಾಡಿ ಪ್ರಬಂಧವನ್ನು ಕನ್ನಡದಲ್ಲೇ ಬರೆದವರು ಇಲ್ಲಿ ಕಂಗಾಲಾಗುತ್ತಾರೆ. ಇಡೀ ಪ್ರಬಂಧ ಅನುವಾದ ಮಾಡಲು ಹೋಗಬೇಡಿ. ನಿಮ್ಮದೇ ವಾದ ಇರುವ ಒಂದು ಅಧ್ಯಾಯ ಆರಿಸಿ. ಹಿಂದಿನವರು ಏನಂದರು ಅಂತ ಪಟ್ಟಿ ಮಾಡಿದ ಅಧ್ಯಾಯ ಬೇಡ. ಅದನ್ನು ನೀವೇ ಇಂಗ್ಲಿಷಿಗೆ ತನ್ನಿ. ಮೂಲ ಕನ್ನಡದಲ್ಲಿದೆ, ಅನುವಾದ ನನ್ನದು ಅಂತ ಮೇಲೆ ಒಂದು ಸಾಲು. ವಚನವೋ ಶಾಸನವೋ ಉದಾಹರಿಸಿದ್ದರೆ ಮೂಲವನ್ನೂ ಪಕ್ಕದಲ್ಲಿಡಿ. ಹಳಗನ್ನಡ ಓದಬಲ್ಲೆ ಅನ್ನುವುದು ಅಲ್ಲಿ ದೊಡ್ಡ ಅರ್ಹತೆ, ನಮಗೆ ಇಲ್ಲಿ ಹಾಗನ್ನಿಸುವುದಿಲ್ಲ ಅಷ್ಟೇ.

ಕಂಪ್ಯೂಟರ್‌ನವರು ಗಿಟ್‌ಹಬ್ ಕೊಂಡಿ ಕೊಡುವುದಾದರೆ ಒಳಗೆ ಏನಾದರೂ ಇರಲಿ.

ನಮ್ಮ ದೇಶದಲ್ಲೇ ಓದುವವರಿಗೆ

ಐಐಎಸ್‌ಸಿ, ಐಐಟಿಗಳ ಲೆಕ್ಕ ಬೇರೆ. ಅಲ್ಲಿ ಮೊದಲ ಬಾಗಿಲು ಪರೀಕ್ಷೆ: ಗೇಟ್, ನೆಟ್, ಜ್ಯಾಮ್. ಗೇಟ್ ಸ್ಕೋರು ಮೂರು ವರ್ಷ ನಡೆಯುತ್ತದೆ. ಪಿಎಚ್‌ಡಿಯಲ್ಲಿ ಕಾಗದಕ್ಕಿಂತ ಸಂದರ್ಶನ ಮುಖ್ಯ. ಆದರೆ ಕಾಗದದಲ್ಲಿ ಒಂದು ತಪ್ಪಾದರೆ ಸಂದರ್ಶನದವರೆಗೆ ಹೋಗುವುದೇ ಇಲ್ಲ. ಅದು ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಟ್ಟ 2ಎ, 3ಬಿ ಪತ್ರ ರಾಜ್ಯದ ಸೀಟಿಗೆ. ಕೇಂದ್ರದ ಸಂಸ್ಥೆಗಳಿಗೆ ಒಬಿಸಿ ಕೆನೆಪದರ ಅಲ್ಲದವರು ಅನ್ನುವ ಕೇಂದ್ರದ ನಮೂನೆಯ ಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿದ್ದ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರದೆಯೂ ಹೋಗಬಹುದು, ಮೊದಲು ನೋಡಿಕೊಳ್ಳಿ. ಹಳೆಯ ತಾರೀಖಿನದ್ದು ನಡೆಯದೆ ಹೋಗಬಹುದು, ಆ ಹಣಕಾಸು ವರ್ಷದ್ದೇ ಕೇಳುವುದು ಸಾಮಾನ್ಯ.

ಕಳಿಸುವ ದಿನ

ಡಿಸೆಂಬರ್ 15, ರಾತ್ರಿ 11:59, ನ್ಯೂಯಾರ್ಕ್ ಸಮಯ ಅಂದರೆ ನಮ್ಮಲ್ಲಿ 16ರ ಬೆಳಗ್ಗೆ 10:29. ಕ್ಯಾಲಿಫೋರ್ನಿಯಾ ಸಮಯ ಆದರೆ ಮಧ್ಯಾಹ್ನ 1:29. ಅಷ್ಟು ಹೊತ್ತಿದೆಯಲ್ಲ ಅಂತ ಕೂರಬೇಡಿ. ಹೊಸನಗರದಾಚೆ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುವ ಕಷ್ಟ ನಿಮಗೆ ಗೊತ್ತು. ಮೂರು ದಿನ ಮೊದಲೇ ಕಳಿಸಿ, ಅದೂ ಪೇಟೆಯಲ್ಲಿ ಕೂತು.

ಫೈಲುಗಳಿಗೆ 'ಸ್ಕ್ಯಾನ್0047' ಅಂತ ಹೆಸರು ಬಿಡಬೇಡಿ. ನಿಮ್ಮ ಹೆಸರು, ಕಾಗದದ ಹೆಸರು. ಎಸ್‌ಒಪಿಯಲ್ಲಿ ಇನ್ನೊಂದು ವಿಶ್ವವಿದ್ಯಾಲಯದ ಹೆಸರು ಉಳಿದಿದೆಯಾ ಅಂತ ಕೊನೆಯ ಸಲ ಹುಡುಕಿ. ನಗಬೇಡಿ, ನಾನು ಕಳಿಸಿದ ಆರರಲ್ಲಿ ಒಂದು ಹಾಗೇ ಹೋಗಿತ್ತು. ಕಳಿಸುವ ಮೊದಲು ಇಡೀ ಅರ್ಜಿಯ ಪಿಡಿಎಫ್ ಇಳಿಸಿಕೊಂಡು ಓದಿ, ಪುಟ ತಿರುಗುಮುರುಗಾಗಿ ಸ್ಕ್ಯಾನ್ ಆಗಿದ್ದರೆ ಅಲ್ಲೇ ಸಿಗುತ್ತದೆ. ಕಳಿಸಿದ ಮೇಲೂ ಪೋರ್ಟಲ್‌ಗೆ ವಾರಕ್ಕೊಮ್ಮೆ ಹೋಗಿ ಮೂರೂ ಪತ್ರ ತಲುಪಿದವಾ ನೋಡಿ.

ತೀರ್ಥಹಳ್ಳಿಯ ಹುಡುಗ ಕೊನೆಗೆ ಅಪ್‌ಲೋಡ್ ಮಾಡಿದ್ದು ಆರು ಫೈಲು. ಪ್ರಾಜೆಕ್ಟ್ ರಿಪೋರ್ಟನ್ನು ಲೈಬ್ರರಿಯಿಂದ ತಂದು ಅದರ ಎರಡು ಪುಟದ ಸಾರಾಂಶ ಬರೆದ. ಉಳಿದ ಹಾಳೆಗಳನ್ನು ಮತ್ತೆ ಅದೇ ದಪ್ಪ ಫೈಲಿಗೆ ಹಾಕಿಕೊಂಡು, "ಭಾವಗೀತೆದು ಅಮ್ಮ ಫ್ರೇಮ್ ಹಾಕಿಸ್ತಾಳಂತೆ" ಅಂತ ಹೇಳಿ ಬಸ್ಸಿಗೆ ಹೊತ್ತಾಯಿತು ಅಂತ ಓಡಿದ.